ಒಂದು ನಳಕ್ಕಾಗಿ ಒಂದು ಸಮುದ್ರ

ಕಲಬುರಗಿಗೆ ಸಮುದ್ರವಿಲ್ಲ. ಭೂಪಟ ನೋಡಲು ಬಾರದವರಿಗೂ ಇದು ಗೊತ್ತು. ಪಶ್ಚಿಮಕ್ಕೆ ಹೊರಟರೂ ಪೂರ್ವಕ್ಕೆ ಹೊರಟರೂ ಉಪ್ಪು ನೀರು ಕಾಲಿಗೆ ತಾಗುವ ಹೊತ್ತಿಗೆ ಬಸ್ಸಿನಲ್ಲಿ ಕೂತವನ ಸೊಂಟ ಬಿದ್ದುಹೋಗಿರುತ್ತದೆ. ಆದರೂ ೧೯೯೮ರಲ್ಲಿ ಈ ಜಿಲ್ಲೆ ಸಮುದ್ರದ ಹಬ್ಬ ಮಾಡಿತು. ವಿಶ್ವಸಂಸ್ಥೆ ಆ ವರ್ಷವನ್ನು ಸಾಗರ ವರ್ಷವೆಂದು ಸಾರಿತ್ತು. ಅದರಲ್ಲಿ ತಪ್ಪೇನಿಲ್ಲ, ಸಮುದ್ರ ಎಲ್ಲರದ್ದು. ಆದರೆ ಆ ಸುದ್ದಿ ಮೇಲಿನಿಂದ ಒಂದೊಂದೇ ಮೇಜು ಇಳಿದು ನಮ್ಮಲ್ಲಿಗೆ ಮುಟ್ಟುವಷ್ಟರಲ್ಲಿ ಅಪ್ಪಣೆಯಾಗಿ ಗಟ್ಟಿಯಾಗಿತ್ತು. ಬೆಳಗ್ಗೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ಹುಡುಗಿಯರೇ, ಅದೇ ಬೆಳಗ್ಗೆ ಸಾಲಾಗಿ ನಿಂತು ‘ಸಾಗರ ನಮ್ಮ ಸಂಪತ್ತು’ ಎಂದು ಕೂಗುತ್ತ ಊರು ಸುತ್ತಿದರು. ನೋಡಿದವರು ಯಾರೂ ನಗಲಿಲ್ಲ. ನಗಬೇಕಾದ ಕಡೆ ನಗದೆ ಇರುವುದು ನಮ್ಮ ಹಳೆಯ ರೋಗ.

ಈ ಹಬ್ಬಕ್ಕೆ ಸಿಕ್ಕಿಬಿದ್ದವಳು ಜಯದೇವಿ ಟೀಚರು. ತಾಜಸುಲ್ತಾನಪುರದಲ್ಲಿ ತೊಗರಿ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಲಬುರಗಿಗೆ ಹೋಗಿ ಓದಿ, ೧೯೮೬ರಲ್ಲಿ ಕಮಲಾಪುರದ ಹೆಣ್ಣುಮಕ್ಕಳ ಪ್ರೌಢಶಾಲೆಗೆ ಭೂಗೋಳ ಕಲಿಸಲು ಬಂದಳು. ಗಂಡ ನಾಗಣ್ಣ ಬಸ್ ಕಂಡಕ್ಟರು. ಊರೂರಿಗೆ ಟಿಕೆಟ್ ಹರಿಯುತ್ತ ಮನೆಗೆ ಬರುವುದೇ ಅಪರೂಪ. ಹಾಗಾಗಿ ಮನೆಯಲ್ಲಿ ಜಯದೇವಿಯ ಸಂಸಾರ ನಡೆದದ್ದು ಅತ್ತೆ ಮಲ್ಕಮ್ಮನ ಜೊತೆ, ಅಂದರೆ ಅತ್ತೆಯ ನಾಲಿಗೆಯ ಜೊತೆ. ಅರ್ಧ ಉತ್ತರ ಕೊಟ್ಟರೆ ಜಯದೇವಿಗೆ ಸಿಟ್ಟು ಬರುತ್ತಿತ್ತು. ಮಕ್ಕಳು ಕೊಟ್ಟರೂ ಬರುತ್ತಿತ್ತು, ಪಠ್ಯಪುಸ್ತಕ ಕೊಟ್ಟರೂ ಬರುತ್ತಿತ್ತು, ಸಾಹೇಬರು ಕೊಟ್ಟರಂತೂ ಕೇಳುವುದೇ ಬೇಡ.

ಶಾಲೆಯಲ್ಲಿ ಪಾಯಖಾನೆ ಇತ್ತು, ನೀರಿರಲಿಲ್ಲ. ನೀರಿಲ್ಲದ ಪಾಯಖಾನೆ ಅಂದರೆ ಬೀಗ ಜಡಿದ ಕೋಣೆ. ಸಣ್ಣ ಹುಡುಗಿಯರು ಬೇಲಿಯ ಹಿಂದೆ ಹೋಗುತ್ತಿದ್ದರು. ದೊಡ್ಡವರು ಬೆಳಗ್ಗೆಯಿಂದ ಗುಟುಕು ನೀರು ಕುಡಿಯದೆ ಸಂಜೆಯವರೆಗೆ ಹಲ್ಲು ಕಚ್ಚಿ ಕೂರುತ್ತಿದ್ದರು. ಮೈನೆರೆದ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಬರುತ್ತಲೇ ಇರಲಿಲ್ಲ. ಆ ಕೆಲವು ದಿನಗಳೇ ಬೆಳೆದು, ಒಂದು ದಿನ ಹಾಜರಿಯಲ್ಲಿ ಅವರ ಹೆಸರು ಕೂಗುವುದೂ ನಿಲ್ಲುತ್ತಿತ್ತು. ಆ ವರ್ಷ ಹಾಗೆ ನಿಂತದ್ದು ಚಾಂದಬಿಯ ಹೆಸರು. ಒಂಬತ್ತನೆಯ ತರಗತಿ. ಸಂತೆಯಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವ ಕಟ್ಟಿಗೆಯ ಕುದುರೆ ಚಕ್ರದ ಕರೀಂಸಾಬನ ಮೊಮ್ಮಗಳು. ಜಯದೇವಿ ಅವರ ಮನೆಗೇ ಹೋಗಿ ಕೇಳಿದಳು.

“ಕರೀಂಚಾಚಾ, ಚಾಂದಬೀನ ಯಾಕ ಸಾಲಿ ಬಿಡಿಸಿದ್ರಿ?”

ಕರೀಂಸಾಬ ತಲೆ ಎತ್ತಲಿಲ್ಲ. “ನಾ ಬಿಡಿಸಿಲ್ಲವ್ವ. ಅಕಿನೇ ಹೋಗಂಗಿಲ್ಲ ಅಂತಾಳ. ಯಾಕ ಅಂತ ನಾ ಗಂಡಸು ಹೆಂಗ ಕೇಳ್ಲಿ?”

ಒಳಗಿನಿಂದ ಚಾಂದಬಿಯೇ ಅಂದಳು: “ಸಾಲ್ಯಾಗ ನಳ ಬಂದ್ರ ನಾ ಬರ್ತೀನಿ, ಟೀಚರ್. ಅಲ್ಲಿ ತನ ಬರಂಗಿಲ್ಲ.”

ಇಷ್ಟೇ ವಿಷಯ. ಒಂದು ನಳ ಬಂದರೆ ಒಬ್ಬ ಹುಡುಗಿ ಓದುತ್ತಾಳೆ, ಅವಳ ಹಿಂದೆ ಇನ್ನೂ ಕೆಲವರು. ಜಯದೇವಿ ನಳ ಕೇಳಲು ಕಲಬುರಗಿಯ ಸೇಡಂ ರಸ್ತೆಯ ಶಿಕ್ಷಣ ಇಲಾಖೆಯ ಕಚೇರಿಗೆ ಮತ್ತೊಮ್ಮೆ ಹೋದಳು. ಅಲ್ಲಿನ ಸಾಹೇಬರು ಅವಳನ್ನು ನೋಡುತ್ತಲೇ ಕನ್ನಡಕ ತೆಗೆದಿಟ್ಟರು.

“ನಳ ನಳ ಅಂತ ಜೀವಾ ತಿಂತೀರಲ್ರೀ ಟೀಚರ್! ನೀರ ಎಲ್ಲಿಂದ ತರ್ಲಿ?”

“ಸಾಲಿ ಗ್ವಾಡಿಗೆ ಹತ್ತೇ ದೊಡ್ಡ ಪೈಪ್ ಹೋಗ್ಯಾದ್ರೀ ಸರ್. ಒಂದು ತುಂಡ ಒಳಗ ತಿರುಗಿಸಿದ್ರ ಮುಗೀತು.”

“ಅದು ಮುಂದಿನ ಊರಿನ ಪೈಪು. ನಿಮ್ಮ ಗ್ವಾಡಿ ಅದಕ್ಕ ಹತ್ಯಾದ, ಅದು ನಿಮಗ ಹತ್ತಿಲ್ಲ.” ಸಾಹೇಬರಿಗೆ ತಮ್ಮ ಮಾತು ತಮಗೇ ಹಿಡಿಸಿ ಮುಖ ಅರಳಿತು. “ಅದಿರ್ಲಿ, ಸಾಗರ ವರ್ಷದ ಪ್ರದರ್ಶನಕ್ಕ ನಿಮ್ಮ ಸಾಲಿಯಿಂದ ಏನ್ ಬರ್ತದ?”

“ಏನಿಲ್ರಿ.”

“ನೋಡ್ರಿ ಮತ್ತ! ಎಲ್ಲಾರೂ ಥರ್ಮಾಕೋಲ್ ಮೀನ ತರಾಕತ್ಯಾರ. ನೀವು ಖರೇ ಸಮುದ್ರ ಮಾಡಿ ತರ್ರಿ. ಮುಖ್ಯ ಅತಿಥಿ ಖುಷ್ ಆದ್ರ ನಿಮ್ಮ ನಳ ಸ್ಟೇಜ್ ಮ್ಯಾಲೇ ಮಂಜೂರು. ನನ್ನ ಜಿಮ್ಮಾ.”

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅಲ್ಲೇ ಝಾಡಿಸಿ ಎದ್ದು ಬರುತ್ತಿದ್ದರು. ನಳ ಕೇಳಿದವಳಿಗೆ ಸಮುದ್ರ ತಾ ಎನ್ನುವವರು ನಾಳೆ ಬೆಂಕಿಕಡ್ಡಿ ಕೇಳಿದರೆ ಸೂರ್ಯನನ್ನು ತರಲು ಹೇಳುತ್ತಾರೆ. ಆದರೆ ಜಯದೇವಿಗೆ ಚಾಂದಬಿಯ ಮಾತು ಕಿವಿಯಲ್ಲಿತ್ತು. ಜೊತೆಗೆ ತಲೆಯಲ್ಲಿ ಒಂದು ನಿಜವಾದ ಸಮುದ್ರವೂ ಇತ್ತು.

ಅದು ತಲೆಯೊಳಗೆ ಬಂದದ್ದು ಹಿಂದಿನ ತಿಂಗಳ ಶಿಕ್ಷಕರ ತರಬೇತಿಯಲ್ಲಿ. ಕರಾವಳಿಯಿಂದ ಬಂದ ಸಮುದ್ರ ಸಂಶೋಧಕಿಯೊಬ್ಬರು ಊಟದ ನಂತರ ಪಾಠ ಹೇಳಿದ್ದರು. ಭಜಿಯ ತಿಂದ ಸಭೆ ತೂಕಡಿಸುತ್ತಿತ್ತು. ಜಯದೇವಿ ಒಬ್ಬಳೇ ಎದ್ದು ಕೇಳಿದಳು: ದಡದ ಹತ್ತಿರದ ನೀರನ್ನು ಗಾಳಿ ಓಡಿಸುತ್ತದೆ ಎಂದು ಪುಸ್ತಕದಲ್ಲಿದೆ, ಗಾಳಿ ಬಿದ್ದ ದಿನವೂ ಅದು ಹರಿಯುತ್ತದಂತಲ್ಲ, ಯಾಕೆ? ಸಂಶೋಧಕಿಗೆ ಕೇಳುವವರು ಸಿಕ್ಕ ಸಂತೋಷಕ್ಕೆ ಸೀಮೆಸುಣ್ಣ ಮುರಿಯಿತು.

ಅವರು ಹೇಳಿದ್ದು ಹೀಗೆ. ದಡದಿಂದ ಸಮುದ್ರದೊಳಗೆ ನಡೆದರೆ ನೆಲ ಒಮ್ಮೆಲೇ ಕುಸಿಯುವುದಿಲ್ಲ. ಮನೆ ಮುಂದಿನ ಕಟ್ಟೆಯ ಹಾಗೆ ಬಹುದೂರ ಚಾಚಿಕೊಂಡಿರುತ್ತದೆ. ಅದರ ಮೇಲೆ ತೆಳು ನೀರು. ಕಟ್ಟೆ ಮುಗಿದಲ್ಲಿ ಕಡಿದಾದ ಇಳಿಜಾರು, ಇಳಿಜಾರು ಮುಗಿದಲ್ಲಿ ಮಹಾ ಆಳ. ಆ ಆಳದ ಅಂಚಿನಲ್ಲಿ ದೊಡ್ಡ ಪ್ರವಾಹಗಳು ಹರಿಯುತ್ತವೆ. ಭೂಮಿ ತಿರುಗುತ್ತಿರುವುದರಿಂದ ಅವು ನೆಟ್ಟಗೆ ಇಳಿಜಾರು ಹತ್ತಿ ಕಟ್ಟೆಗೆ ಬರಲಾರವು. ಒಂದೇ ಆಳವನ್ನು ಹಿಡಿದು, ಇಳಿಜಾರಿನ ಮಗ್ಗುಲಲ್ಲೇ ಸಾಗುತ್ತವೆ. ನೋಡಿದರೆ ಕಟ್ಟೆಯ ನೀರಿಗೂ ಅವಕ್ಕೂ ಸಂಬಂಧವೇ ಇಲ್ಲ ಅನ್ನಿಸಬೇಕು. ಆದರೆ ಅವು ಹೋಗುವ ದಾರಿಯಲ್ಲಿ ನೀರಿನ ಮಟ್ಟ ಕಣ್ಣಿಗೆ ಕಾಣದಷ್ಟು ವಾಲುತ್ತದೆ. ಆ ವಾಲಿಕೆ ಕಟ್ಟೆಯ ನೀರನ್ನೂ ಎಳೆಯುತ್ತದೆ, ಅದು ಮೆಲ್ಲಗೆ ದೊಡ್ಡದರ ಜೊತೆ ಸರಿಯತೊಡಗುತ್ತದೆ. ಇನ್ನು ತಳದಲ್ಲಿ, ನೆಲಕ್ಕೆ ಉಜ್ಜಿ ವೇಗ ಕಳೆದುಕೊಂಡ ಒಂದು ತೆಳು ಪದರ ಮಾತ್ರ ಗುಂಪು ಬಿಟ್ಟು ಅಡ್ಡ ಸರಿಯುತ್ತದೆ. ಪ್ರವಾಹ ಯಾವ ಕಡೆ ಹೋಗುತ್ತದೆ ಎಂಬುದರ ಮೇಲೆ ಅದು ಇಳಿಜಾರು ಹತ್ತುತ್ತದೆ, ಇಲ್ಲವೇ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಟ್ಟೆಗೆ ಕೆಳಗಿನ ತಣ್ಣೀರು ಹತ್ತಿ ಬರುತ್ತದೆ. ಅದರಲ್ಲಿ ಗಾಳಿಯ ಪಾಲಿದೆ, ಅಂಚಿನ ಪ್ರವಾಹದ ಪಾಲೂ ಇದೆ. ಬಂಗಾಳ ಕೊಲ್ಲಿಯಲ್ಲಿ ಬೀಸಿದ ಗಾಳಿಯ ಪರಿಣಾಮ ಕೂಡ ಲಂಕೆಯನ್ನು ಸುತ್ತಿ ನಮ್ಮ ಕಟ್ಟೆಗೆ ಬಂದು ಮುಟ್ಟುತ್ತದೆ. ಮೀನು ಯಾವಾಗ ಎಲ್ಲಿರುತ್ತದೆ ಎಂಬುದಕ್ಕೂ ಇದಕ್ಕೂ ನಂಟಿದೆ.

“ಇದನ್ನು ನೋಡಬೇಕಾದರೆ ತಿರುಗುವ ತೊಟ್ಟಿ ಬೇಕು. ನೋಡುವವರೂ ತೊಟ್ಟಿಯ ಜೊತೆ ತಿರುಗಬೇಕು” ಎಂದಿದ್ದರು ಸಂಶೋಧಕಿ. ಸಭೆಯಲ್ಲಿ ಯಾರೋ ಆಕಳಿಸಿದರು. ಜಯದೇವಿಗೆ ಮಾತ್ರ ಕರೀಂಸಾಬನ ಕುದುರೆ ಚಕ್ರ ಕಣ್ಣೆದುರು ಬಂದು ನಿಂತಿತ್ತು.

ಕರೀಂಸಾಬ ಒಪ್ಪಿದ. ಮೊಮ್ಮಗಳ ನಳಕ್ಕಾಗಿ ಅವನು ಚಕ್ರವನ್ನಷ್ಟೇ ಅಲ್ಲ, ತನ್ನ ಮನೆಯ ಛಾವಣಿಯನ್ನೂ ಬಿಚ್ಚಿಕೊಡುವವನಿದ್ದ. ಅದು ಹಳೆಯ ಲಾರಿಯ ಬೇರಿಂಗಿನ ಮೇಲೆ ಕೂತ ಚಕ್ರ, ಕೈಯಿಂದ ತಳ್ಳಿದರೆ ಕೀರೆನ್ನುತ್ತ ತಿರುಗುತ್ತಿತ್ತು. ಹೊರಗಿನ ಅಂಚಿಗೆ ಬಣ್ಣ ಹೋದ ಕುದುರೆಗಳು. ಒಳಗಿನ ತೊಲೆಗಳ ಮೇಲೆ ಸಮುದ್ರ ಕಟ್ಟಲು ಬಂದವನು ಅಮೋಘಪ್ಪ. ಊರಿನ ಅರ್ಧ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ ಫರಸಿ ಅವನ ಕೈಯದೇ. ತೆಳು ಫರಸಿ ಕಲ್ಲು ನಿಲ್ಲಿಸಿ ಸಿಮೆಂಟು ಮೆತ್ತಿ ದುಂಡಗಿನ ತೊಟ್ಟಿ ಮಾಡಿದ. ಸುತ್ತಲೂ ಅಂಚಿಗೆ ಕಟ್ಟೆ, ನಂತರ ಇಳಿಜಾರು, ನಡುಗಂಬದ ಬಳಿ ಆಳ. ಅಂಚಿನ ಮೇಲೆ ಜಯದೇವಿ ಸುಣ್ಣದಿಂದ ಕಾರವಾರ, ಮಂಗಳೂರು ಎಂದು ಬರೆದಳು. ಆಮೇಲೆ ಬಗ್ಗಿ ನೋಡಿದವಳು ಹೌಹಾರಿದಳು. ಆಳದ ತಳದಲ್ಲಿ ಒಂದು ತೂತು, ತೂತಿನಿಂದ ಚಕ್ರದ ಹೊರ ಅಂಚಿನವರೆಗೆ ಪೈಪು, ಪೈಪಿನ ಬಾಯಿಗೆ ಚಿಂದಿ.

“ಅಮೋಘಣ್ಣ, ಇದೇನು?”

“ಮೋರಿ.”

“ಸಮುದ್ರಕ್ಕ ಮೋರಿ ಯಾರ ಇಡ್ತಾರ?”

ಅಮೋಘಪ್ಪ ಕರಣಿ ಕೆಳಗಿಟ್ಟ. ಅವನ ಕಸುಬಿನ ಮಾನಕ್ಕೆ ಪೆಟ್ಟು ಬಿದ್ದಿತ್ತು. “ಟೀಚರ, ನೀರ ಇಳಿಯೋ ಢಾಳ ಇಲ್ಲದ, ಮೋರಿ ಇಲ್ಲದ ಫರಸಿ ನಾ ಜಲ್ಮದಾಗ ಹಾಕಿಲ್ಲ. ನಮ್ಮಪ್ಪನೂ ಹಾಕಿಲ್ಲ. ನೀರ ನಿಂದ್ರೋ ಜಾಗಕ್ಕ ಮೋರಿ ಬೇಕೇ ಬೇಕು. ನಾಳಿ ಸಮುದ್ರ ತಿಕ್ಕಿ ತೊಳೀಬೇಕಾದ್ರ ಏನ್ ಮಾಡ್ತೀರಿ?”

ಜಯದೇವಿ ಬಗ್ಗಿ ಚಿಂದಿಯನ್ನು ಇನ್ನಷ್ಟು ಬಿಗಿಯಾಗಿ ತುರುಕಿದಳು.

ಎರಡನೆಯ ಜಗಳ ತಿರುಗಿಸುವುದರ ಮೇಲೆ ಬಂತು. ಕರೀಂಸಾಬನ ಚಕ್ರ ಯಾವತ್ತೂ ಬಲಕ್ಕೆ ಸುತ್ತುತ್ತಿತ್ತು, ಗುಡಿ ಸುತ್ತುವ ಹಾಗೆ. ಎಲ್ಲ ಜಾತಿಯ ತಾಯಂದಿರೂ ಮಕ್ಕಳನ್ನು ಕೂರಿಸುವುದರಿಂದ ಅವನು ಆ ಪದ್ಧತಿ ಇಟ್ಟುಕೊಂಡಿದ್ದ. ಜಯದೇವಿಗೆ ಎಡಕ್ಕೆ ಬೇಕಿತ್ತು.

“ಎಡಕ್ಕ ಯಾಕ್ರಿ? ಎಡಸುತ್ತು ಹೆಣದ ಮುಂದ ಸುತ್ತೋದು” ಎಂದ ಅಮೋಘಪ್ಪ.

“ಉತ್ತರ ಧ್ರುವದ ಮ್ಯಾಲ ನಿಂತು ನೋಡಿದ್ರ ಭೂಮಿ ಎಡಕ್ಕೇ ತಿರುಗ್ತದ. ಬಲಕ್ಕ ತಿರುಗಿಸಿದ್ರ ಅದು ದಕ್ಷಿಣ ಗೋಲಾರ್ಧ ಆಗ್ತದ, ನಮ್ಮ ಕಾರವಾರ ಆಸ್ಟ್ರೇಲಿಯಾದ ಕಡೀಗೆ ಹೋಗ್ತದ.”

“ಹೋಗ್ಲಿ ಬಿಡ್ರಿ, ನಮಗೇನ್ ಅಲ್ಲಿ ಬೀಗರಿದ್ದಾರ?” ಎಂದ ಕರೀಂಸಾಬ. ಆದರೂ ಎಡಕ್ಕೇ ತಳ್ಳಿದ.

ಮೊದಲ ಪರೀಕ್ಷೆ ಮನೆಯ ಹಿತ್ತಲಲ್ಲಿದ್ದ ಮಲ್ಕಮ್ಮನ ಬಾವಿಯ ನೀರಿನಲ್ಲಿ ನಡೆಯಿತು. ನೋಡುವವರೂ ತಿರುಗಬೇಕಲ್ಲ, ಜಯದೇವಿ ಒಂದು ಕುದುರೆ ಹತ್ತಿದಳು. ಎದುರಿನ ಕುದುರೆಯ ಮೇಲೆ ತೂಕಕ್ಕೆ ತೂಕ ಬೇಕೆಂದು ಮಲ್ಕಮ್ಮನನ್ನು ಕೂರಿಸಿದರು.

“ಮುದುಕೀನ ಕುದರಿ ಹತ್ತಿಸೀರಿ, ಇನ್ನ ಮೆರವಣಿಗಿ ಒಂದು ಬಾಕಿ!” ಎಂದು ಬೈಯುತ್ತಲೇ ಅವಳು ಸೆರಗು ಸಿಕ್ಕಿಸಿಕೊಂಡಳು.

ಆಳಕ್ಕೆ ಬಟ್ಟೆಯ ನೀಲಿ, ಕಟ್ಟೆಗೆ ಕುಂಕುಮ ಬಿಟ್ಟರು. ಚಕ್ರ ತಿರುಗಿತು. ನೀರೂ ತೊಟ್ಟಿಯ ಜೊತೆಯೇ ತಿರುಗಿತು. ನೀಲಿ ಬಿದ್ದಲ್ಲೇ ನೀಲಿ, ಕುಂಕುಮ ಬಿದ್ದಲ್ಲೇ ಕುಂಕುಮ. ಕರೀಂಸಾಬ ಬೆವರು ಸುರಿಸುತ್ತ ತಳ್ಳುತ್ತಲೇ ಇದ್ದ, ಸಮುದ್ರ ಸರಕಾರಿ ಕಡತದ ಹಾಗೆ ಕೂತೇ ಇತ್ತು. ಜಯದೇವಿಯ ಮುಖ ಸಣ್ಣದಾಯಿತು. ಎಲ್ಲ ನೀರೂ ಒಟ್ಟಿಗೆ ತಿರುಗಿದರೆ ಪ್ರವಾಹ ಎಲ್ಲಿಂದ ಬರಬೇಕು? ಅದನ್ನು ಹೊರಡಿಸಲು ಏನಾದರೂ ಬೇಕು. ಏನು ಬೇಕೆಂದು ಸಂಶೋಧಕಿ ಹೇಳಿದ್ದರೋ ಇಲ್ಲವೋ, ಅಷ್ಟರಲ್ಲಿ ಚಹಾದ ಗಂಟೆ ಹೊಡೆದಿತ್ತು.

ಆಗ ಅಮೋಘಪ್ಪನ ಚಿಂದಿ ಸಡಿಲವಾಯಿತು.

ಆಳದ ನೀರು ಮೋರಿಗೆ ಇಳಿಯತೊಡಗಿತು. ನೀಲಿ ನೆಟ್ಟಗೆ ಮೋರಿಗೆ ಹೋಗಲಿಲ್ಲ. ಓರೆಯಾಯಿತು, ಉದ್ದವಾಯಿತು, ಇಳಿಜಾರಿನ ಮಗ್ಗುಲು ಹಿಡಿದು ನಡುಗಂಬವನ್ನು ಸುತ್ತಿ ಓಡಿತು. ಇಳಿಜಾರು ಹತ್ತಲಿಲ್ಲ. ಬೇಲಿ ಹಾಕಿದಂತೆ ಒಂದೇ ಆಳದಲ್ಲಿ ಹೋಯಿತು. ಜಯದೇವಿ ಕುದುರೆಯ ಕುತ್ತಿಗೆ ಬಿಗಿಯಾಗಿ ಹಿಡಿದಳು. ಕಟ್ಟೆಯ ಮೇಲೆ ಯಾರೂ ಮುಟ್ಟದ ಕುಂಕುಮ ನಿಧಾನಕ್ಕೆ, ಏನೋ ನೆನಪಾದ ಹಾಗೆ, ನೀಲಿ ಹೋದ ಕಡೆಗೇ ಹೊರಟಿತು. ಸ್ವಲ್ಪ ಹೊತ್ತಿಗೆ ಕುಂಕುಮದ ಒಂದು ತೆಳು ಎಳೆ ಮಾತ್ರ ತಳಕ್ಕೆ ಅಂಟಿಕೊಂಡು ಇಳಿಜಾರಿನಲ್ಲಿ ಕೆಳಗೆ ಜಾರತೊಡಗಿತು.

“ಅತ್ತಿ, ಕಾಣಾಕತ್ಯಾದೇನ್ರಿ?”

“ಕಾಣ್ಲಾರದೇನು? ದೊಡ್ಡದು ದೂರ ಹೊಂಟಾದ, ಇದರ ಮಾರಿ ಸೈತ ನೋಡವಲ್ದು. ಸಣ್ಣದು ಅದರ ಬೆನ್ನ ಹತ್ತ್ಯಾದ.” ಮಲ್ಕಮ್ಮ ಇನ್ನಷ್ಟು ಬಗ್ಗಿದಳು. “ನಿಮ್ಮಾವ ಬದುಕಿದ್ದಾಗ ಈ ಮನ್ಯಾಗ ನಾ ಹಿಂಗೇ ಇದ್ದೆ.”

ನೆಲದ ಮೇಲೆ ನಿಂತಿದ್ದ ಅಮೋಘಪ್ಪನಿಗೆ ಬರೀ ಗಿರಗಿರ ಕಂಡಿತ್ತು. ಅವನನ್ನೂ ಹತ್ತಿಸಿದರು. ಇಳಿದು ಬಂದವನು, “ಮೋರಿ ಬ್ಯಾಡ ಅಂತಿದ್ರಿ” ಎಂದ. ಅದನ್ನು ಆಮೇಲೆ ವರ್ಷಗಟ್ಟಲೆ ಅಂದ.

ಪ್ರದರ್ಶನ ಕಲಬುರಗಿಯಲ್ಲಿ, ಸೇಡಂ ರಸ್ತೆಯ ಮೈದಾನದಲ್ಲಿ. ಕಮಲಾಪುರದ ಸಮುದ್ರ ಟ್ರ್ಯಾಕ್ಟರಿನಲ್ಲಿ ಬಂತು. ಅದನ್ನು ತುಂಬಲು ಒಂದು ಟ್ಯಾಂಕರು ಬಂತು. ಶಾಲೆಗೆ ಒಂದು ಬಕೆಟ್ ಕಳಿಸಲು ಆಗದವರು ಮೈದಾನಕ್ಕೆ ಟ್ಯಾಂಕರನ್ನೇ ಕಳಿಸಿದರು. ಆ ಟ್ಯಾಂಕರ್ ಬರುವ ದಾರಿಯಲ್ಲಿ ಕೊಡ ಹಿಡಿದು ನಿಂತ ಹೆಂಗಸರು ಅದು ತಮ್ಮ ಓಣಿಗೇ ಎಂದು ಹಿಂದೆ ಓಡಿದ್ದನ್ನು ಜಯದೇವಿ ಟ್ರ್ಯಾಕ್ಟರಿನ ಮೇಲಿಂದ ನೋಡಿದಳು. ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದಳು. ಅವಳಿಗೆ ನಳ ಬೇಕಿತ್ತು.

ಸಾಹೇಬರು ಬೆಳಗ್ಗೆಯೇ ತಪಾಸಣೆಗೆ ಬಂದರು. ಚಕ್ರದ ಕೆಳಗೆ ನೆಲ ಒದ್ದೆಯಾಗಿತ್ತು.

“ಏನಿದು? ಸಮುದ್ರ ಸೋರಾಕತ್ಯಾದಲ್ರೀ!”

“ಸೋರಬೇಕ್ರಿ ಸರ್. ಸೋರಿದ್ರೇ ಹರಿವು ಹುಟ್ತದ.”

“ಮುಖ್ಯ ಅತಿಥಿಗಳ ಮುಂದ ಸೋರೋ ಸಮುದ್ರ ಇಡ್ತೀರಾ? ನಾಳಿ ಪೇಪರ್‌ನ್ಯಾಗ ಬರ್ತದ, ಜಿಲ್ಲಾದ ಸಮುದ್ರ ಕಳಪಿ ಕಾಮಗಾರಿ ಅಂತ.” ಅವರು ಜೊತೆಗಿದ್ದವರಿಗೆ ಕೈ ಮಾಡಿದರು. ಜಯದೇವಿ ಅಡ್ಡ ನಿಂತರೂ ಕೇಳದೆ ಮೋರಿಯ ಬಾಯಿಗೆ ಸಿಮೆಂಟು ಮೆತ್ತಿಸಿದರು. ಆಮೇಲೆ ಚಕ್ರ ತಿರುಗಿಸಿ ತೋರಿಸಲು ಹೇಳಿದರು. ಕರೀಂಸಾಬ ತಳ್ಳಿದ್ದನ್ನು ಕಂಡು ಮತ್ತೆ ಕೂಗಿದರು.

“ಉಲ್ಟಾ ಯಾಕ? ಶುಭ ಕಾರ್ಯ ಇದು! ಬಲಕ್ಕ ತಿರುಗಿಸು.”

“ಸಾಬ್, ಬಲಕ್ಕ ತಿರುಗಿಸಿದ್ರ ಕಾರವಾರ ಆಸ್ಟ್ರೇಲಿಯಾಕ್ಕ ಹೋಗ್ತದಂತ” ಎಂದ ಕರೀಂಸಾಬ.

“ನಿನಗ ಯಾರ್ ಕೇಳಿದ್ರು?”

ಜಯದೇವಿ ಕೊನೆಯ ಮಾತು ಇಟ್ಟಳು. “ಸರ್, ಅತಿಥಿಗಳು ಕುದರಿ ಮ್ಯಾಲ ಕೂತು ನೋಡಬೇಕ್ರಿ. ಕೆಳಗ ನಿಂತವರಿಗೆ ಹರಿವು ಕಾಣಂಗಿಲ್ಲ.”

ಅಂಥ ಮಾತನ್ನು ಸಾಹೇಬರು ತಮ್ಮ ಸೇವಾವಧಿಯಲ್ಲಿ ಕೇಳಿರಲಿಲ್ಲ. “ಟೀಚರ್, ನಳ ಬೇಕಾಗಿದ್ರ ಬಾಯಿ ಮುಚ್ಚಿಕೊಂಡು ನಿಂದ್ರಿ. ಅವರು ಬಂದು, ನೋಡಿ, ಭೇಷ್ ಅಂತಾರ. ಅಷ್ಟೇ.”

ಜಯದೇವಿ ಬಾಯಿ ಮುಚ್ಚಿಕೊಂಡು ನಿಂತಳು. ಇದನ್ನು ಓದುತ್ತ ಅವಳನ್ನು ಬೈಯುವವರು ತಾವು ಎಷ್ಟು ಸಲ ಹಾಗೆ ನಿಂತಿದ್ದೀರೆಂದು ಎಣಿಸಿಕೊಂಡು ಆಮೇಲೆ ಬೈಯಿರಿ.

ಮುಖ್ಯ ಅತಿಥಿ ಮಧ್ಯಾಹ್ನ ಬಂದರು. ಥರ್ಮಾಕೋಲ್ ತಿಮಿಂಗಿಲವನ್ನು ತಟ್ಟಿದರು, ರಟ್ಟಿನ ಹಡಗಿಗೆ ಕೈ ಮುಗಿದರು. ಕಮಲಾಪುರದ ಸಮುದ್ರದ ಮುಂದೆ ನಿಂತಾಗ ಚಕ್ರ ಬಲಕ್ಕೆ, ಶುಭವಾಗಿ ತಿರುಗುತ್ತಿತ್ತು. ನೀಲಿ ಅಲ್ಲಾಡಲಿಲ್ಲ, ಕುಂಕುಮ ಅಲ್ಲಾಡಲಿಲ್ಲ.

“ಬಹಳ ಶಾಂತವಾಗಿದೆ ಸಮುದ್ರ” ಎಂದರು ಅತಿಥಿ.

“ನಮ್ಮ ಜಿಲ್ಲಾ ಆಡಳಿತದ ಕೊಡುಗೆ ಸರ್” ಎಂದರು ಸಾಹೇಬರು.

“ಮೇಡಂ, ನೀವು ವಿವರಿಸಿ. ದಡದ ನೀರು ಹೇಗೆ ಚಲಿಸುತ್ತದೆ?”

ಕೇಳಿದ್ದು ಸುಮ್ಮನೆ, ಫೋಟೋದವನು ಸಿದ್ಧವಾಗುವ ತನಕ ಹೊತ್ತು ಹೋಗಲಿ ಎಂದು. ಆದರೆ ಯಾರೂ ಕೇಳದ ಪ್ರಶ್ನೆಯನ್ನು ಒಬ್ಬರು ಕೇಳಿಬಿಟ್ಟಿದ್ದರು. ಜಯದೇವಿ ನಿಂತ ನೀರನ್ನು ನೋಡಿದಳು. ಹೀಗೇ ಚಲಿಸುತ್ತದೆ ಸರ್ ಎಂದರೆ ನಳ. ನಿಜ ಹೇಳಿದರೆ ಏನಾಗುತ್ತದೋ ಗೊತ್ತಿಲ್ಲ. ಅವಳ ಹಿಂದೆ ಶಾಲೆಯ ಹುಡುಗಿಯರು ಸಾಲಾಗಿ ನಿಂತಿದ್ದರು. ಇವರಿಗೇ ನಾಳೆ ಭೂಗೋಳ ಹೇಳಬೇಕು.

“ಇದು ಚಲಿಸಲ್ರಿ ಸರ್” ಎಂದಳು. “ಇದರ ಬಾಯಿ ಮುಚ್ಚ್ಯಾರ.”

ಸಾಹೇಬರು ಕೆಮ್ಮಿದರು. ಅಷ್ಟರಲ್ಲಿ ಅವಳು ಬಗ್ಗಿ ಅಮೋಘಪ್ಪನ ಸುತ್ತಿಗೆ ಎತ್ತಿಕೊಂಡಿದ್ದಳು. “ಕರೀಂಚಾಚಾ, ಎಡಕ್ಕ!” ಬಲಕ್ಕೆ ಹೊರಟಿದ್ದ ಚಕ್ರವನ್ನು ಕರೀಂಸಾಬ ಎದೆ ಕೊಟ್ಟು ನಿಲ್ಲಿಸಿದ, ಹಲ್ಲು ಕಚ್ಚಿ ತಿರುಗಿಸಿ ತಳ್ಳಿದ. ಸಮುದ್ರ ಒಮ್ಮೆ ಎಗರಿ ಕಾರವಾರದ ಮೇಲಿಂದ ಹಾರಿ ಸಾಹೇಬರ ಎದೆಗೆ ಬಿತ್ತು. ಅದು ಶಾಂತವಾಗುವವರೆಗೆ ಜಯದೇವಿ ಕಾದಳು. ನಂತರ ಚಕ್ರದ ಜೊತೆಗೇ ಓಡುತ್ತ ಪೈಪಿನ ಬಾಯಿಯ ಹಸಿ ಸಿಮೆಂಟಿಗೆ ಬಡಿದಳು.

ಮೋರಿ ಬಿಚ್ಚಿತು. ಸಮುದ್ರ ಅತಿಥಿಗಳ ಬೂಟಿನ ಮೇಲೆ ಸುರಿಯಿತು.

“ಕುದರಿ ಹತ್ರಿ ಸರ್! ಈಗ ನೋಡ್ರಿ! ನೀಲಿ ಇಳಿಜಾರಿನ ಮಗ್ಗಲಾಗ ಹೊಂಟಾದ, ಕುಂಕುಮ ಅದರ ಬೆನ್ನಿಗೆ! ಹತ್ರಿ, ಹತ್ರಿ!”

ಯಾರೂ ಹತ್ತಲಿಲ್ಲ. ಎಲ್ಲರೂ ಬೂಟು ನೋಡುತ್ತಿದ್ದರು. ಬೆಂಬಲಿಗನೊಬ್ಬ ಅತಿಥಿಗಳ ಕಾಲು ಒರೆಸಲು ಪ್ರದರ್ಶನದ ಬ್ಯಾನರನ್ನೇ ಹರಿದ. ಕುದುರೆ ಹತ್ತಿದ್ದು ಹುಡುಗಿಯರು. ಒಬ್ಬೊಬ್ಬಳಾಗಿ ಹಾರಿ ಕೂತರು, ಬಗ್ಗಿ ನೋಡಿದರು. ಗದ್ದಲದ ನಡುವೆ ಒಬ್ಬಳು, “ಟೀಚರ್, ಖರೇನೇ ಹೊಂಟಾದ್ರೀ!” ಎಂದು ಕೂಗಿದ್ದು ಜಯದೇವಿಗೆ ಕೇಳಿಸಿತು. ಅವಳ ಜೀವಮಾನದಲ್ಲಿ ಅಷ್ಟು ಚೆನ್ನಾದ ಪಾಠ ಮತ್ತೆ ಆಗಲಿಲ್ಲ. ನೀರು ಮುಗಿಯುವಷ್ಟು ಹೊತ್ತು ನಡೆಯಿತು.

ಅತಿಥಿಗಳು ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿ ತೆಗೆದುಕೊಂಡು ಹೊರಟುಹೋದರು. ಬಹುಮಾನ ತಿಮಿಂಗಿಲಕ್ಕೆ ಬಂತು.

ಮರುವಾರ ಸಾಹೇಬರು ಅವಳನ್ನು ಕರೆಸಿದರು. “ಒಂದು ಇಡೀ ಟ್ಯಾಂಕರ್ ನೀರ ಮೈದಾನಕ್ಕ ಚೆಲ್ಲೀರಿ. ಇಂಥಾ ಜವಾಬ್ದಾರಿ ಇಲ್ಲದವರ ಕೈಯಾಗ ನಳ ಹೆಂಗ ಕೊಡ್ಲಿ? ನಿಮ್ಮನ್ನ ಕಾರವಾರಕ್ಕ ವರ್ಗ ಮಾಡಿಸ್ತೀನಿ.”

“ಮಾಡಸ್ರಿ. ಸಮುದ್ರ ನೋಡಿಲ್ಲ ನಾ.”

ಸಾಹೇಬರಿಗೆ ಅದು ಶಿಕ್ಷೆಯಾಗುವುದಿಲ್ಲವೆಂದು ಹೊಳೆಯಿತು. ವರ್ಗ ಆಗಲಿಲ್ಲ.

ತೊಟ್ಟಿ ಶಾಲೆಗೆ ಮರಳಿತು. ಕರೀಂಸಾಬ ತನ್ನ ಚಕ್ರವನ್ನು ಬಿಡಿಸಿಕೊಂಡ, ಅಮೋಘಪ್ಪ ತೊಟ್ಟಿಯನ್ನು ಅಂಗಳದಲ್ಲಿ ಕೂರಿಸಿ ಮೋರಿಗೆ ಹೊಸ ಚಿಂದಿ ಕೊಟ್ಟ. ಮಲ್ಕಮ್ಮನ ಬಾವಿಯಿಂದ ನೀರು ಹೊತ್ತು ತಂದು ಅದನ್ನು ತುಂಬಿದರು. ಪಾಯಖಾನೆಯ ಬೀಗ ತೆಗೆದರು. ಚಾಂದಬಿ ಬಂದಳು! ಹಿಂದಿನ ಬೆಂಚಿನಲ್ಲಿ ಕೂತಳು, ಭಾರತದ ನಕ್ಷೆ ಬಿಡಿಸಿದಳು. ಕೆಲವು ವಾರ ಹಾಗೇ ನಡೆಯಿತು. ಆಮೇಲೆ ಮೇಲಿನಿಂದ ಒಬ್ಬ ತಪಾಸಣೆಗೆ ಬಂದ. ಶಾಲೆಯ ಸಾಮಾನುಗಳ ಪಟ್ಟಿಯಲ್ಲಿ ಈ ತೊಟ್ಟಿ ‘ಸಮುದ್ರ, ಪಾಠೋಪಕರಣ’ ಎಂದು ನಮೂದಾಗಿತ್ತು.

“ಪಾಠೋಪಕರಣದಾಗ ಕೈ ಕಾಲು ತೊಳ್ಯಾಕತ್ಯಾರ, ಕುಡ್ಯಾಕತ್ಯಾರ. ಸಮುದ್ರದ ನೀರ ಕುಡ್ಯಾಕ ಬರಂಗಿಲ್ಲ ಅಂತ ನೀವೇ ಕಲಿಸ್ತೀರಲ್ರಿ?” ಎಂದ.

“ಇದು ಬಾವಿ ನೀರ್ರಿ.”

“ಬಾವಿ ನೀರಾದ್ರ ಅದು ಸಮುದ್ರ ಹೆಂಗಾತು? ಸುಳ್ಳು ನಮೂದು. ಅದಕ್ಕ ಬ್ಯಾರೆ ಕ್ರಮ ಆಗ್ತದ.”

ಸಮುದ್ರವಾದರೆ ಕುಡಿಯುವ ಹಾಗಿಲ್ಲ, ಸಮುದ್ರವಲ್ಲದಿದ್ದರೆ ಇಟ್ಟುಕೊಳ್ಳುವ ಹಾಗಿಲ್ಲ. ತೊಟ್ಟಿಯನ್ನು ಒಣಗಿಸಿ, ಮೇಲೆ ತಗಡು ಮುಚ್ಚಿ, ಭೂಗೋಳದ ಕೋಣೆಯ ಗೋಡೆಗೆ ತಾಗಿಸಿ ಇಟ್ಟರು. ಪಾಯಖಾನೆಗೆ ಬೀಗ ಮತ್ತೆ ಬಂತು. ಚಾಂದಬಿ ಮತ್ತೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಕರೀಂಸಾಬ ಕರೆಯಲು ಬಂದಾಗ ಜಯದೇವಿಯ ಮುಖ ನೋಡದೆ, “ಏನ್ ಮಾಡ್ಲಿ ಟೀಚರಮ್ಮ, ಮನ್ಯಾಗ ಖಾಲಿ ಕೂತಿತ್ತು ಹುಡುಗಿ” ಎಂದ. ಜಯದೇವಿ ಮದುವೆಗೆ ಹೋಗಿ ಉಣ್ಣದೆ ಬಂದಳು.

೨೦೦೩ರಲ್ಲಿ ಶಾಲೆಗೆ ನಳ ಬಂತು. ಸುಳ್ಳಲ್ಲ, ಹೊಳೆಯುವ ಹಿತ್ತಾಳೆಯ ನಳ. ರಿಬ್ಬನ್ ಕಟ್ಟಿದರು, ಕತ್ತರಿಸಿದರು, ತಿರುಗಿಸಿದರು. ಒಳಗಿನಿಂದ ಯಾರೋ ನಿಟ್ಟುಸಿರು ಬಿಟ್ಟಂತೆ ಗಾಳಿ ಬಂತು. ನೆರೆದವರು ಚಪ್ಪಾಳೆ ಹೊಡೆದರು. ಅಂದಿನಿಂದ ಇಂದಿನವರೆಗೆ ಅದರಲ್ಲಿ ಬಂದದ್ದು ಅಷ್ಟೇ. ಜಯದೇವಿ ಮತ್ತೆ ಸೇಡಂ ರಸ್ತೆಗೆ ಹೋದಳು. ಹಳೆಯ ಸಾಹೇಬರು ನಿವೃತ್ತರಾಗಿದ್ದರು, ಹೊಸಬರು ತರುಣರು, ಕಂಪ್ಯೂಟರ್ ಇತ್ತು.

“ನಿಮ್ಮ ಸಾಲ್ಯಾಗ ನಳ ಅದಲ್ರಿ ಮೇಡಂ. ಇದ್ದವರು ಮತ್ತ ಅರ್ಜಿ ಹಾಕಾಕ ಬರಂಗಿಲ್ಲ.”

“ನಳಕ್ಕ ಅಲ್ರಿ, ನೀರಿಗೆ ಅರ್ಜಿ.”

“ನೀರು ಬ್ಯಾರೆ ಕಚೇರಿ. ನಮ್ಮದು ನಳ ಅಷ್ಟೇ.”

ಮೇಲಿನ ಲೆಕ್ಕದಲ್ಲಿ ಅದು ಈಗ ನೀರಿರುವ ಶಾಲೆ. ಆ ಲೆಕ್ಕ ನೋಡಿ ಯಾರೋ ಭಾಷಣ ಮಾಡಿದರು. ಆ ಭಾಷಣ ಪತ್ರಿಕೆಯಲ್ಲಿ ಬಂತು. ಚಹಾ ಕುಡಿಯುತ್ತ ಅದನ್ನು ಓದಿದವರು ನೀವೇ. ಎಲ್ಲೋ ದೂರದಲ್ಲಿ, ಈ ಊರಿನ ಮುಖ ಕೂಡ ನೋಡದೆ, ಒಂದು ದೊಡ್ಡ ಹರಿವು ತನ್ನ ಪಾಡಿಗೆ ಸಾಗುತ್ತಿದೆ. ಅದರ ವಾಲಿಕೆಗೆ ತಕ್ಕಂತೆ ಇಲ್ಲಿಯ ತೆಳು ಬದುಕು ಸರಿಯುತ್ತಿದೆ. ಒಂಬತ್ತನೆಯ ತರಗತಿಯ ಬೆಂಚುಗಳು ಪ್ರತಿ ವರ್ಷ ಖಾಲಿಯಾಗುತ್ತಿವೆ. ಜಯದೇವಿ ಟೀಚರು ಈಗಲೂ ಬೆಳಗಿನ ಗಂಟೆಗೆ ಮುಂಚೆ ಒಂದು ಕೊಡ ಹೊತ್ತು ಶಾಲೆಗೆ ಹೋಗುತ್ತಾಳೆ, ಒಂದು ಕೊಡ ನೀರು ಎಷ್ಟು ಹುಡುಗಿಯರಿಗೆ ಸಾಲುತ್ತದೋ ಅಷ್ಟೇ ಹುಡುಗಿಯರು ಓದುತ್ತಾರೆ.

ಅವಳನ್ನು ಹೊಗಳಿ ಪತ್ರ ಬರೆಯಬೇಡಿ. ಶಾಲು ಹೊದಿಸಬೇಡಿ. ನಾಳೆ ಬೆಳಗ್ಗೆ ನಿಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರು ನಳ ತೋರಿಸುತ್ತಾರೆ, ನೋಡಿ ತಲೆಯಾಡಿಸಿ ಬರಬೇಡಿ. ನಿಮ್ಮ ಕೈಯಿಂದ ತಿರುಗಿಸಿ. ನೀರು ಬರದಿದ್ದರೆ ಮನೆಗೆ ಹೋಗಬೇಡಿ. ಅದನ್ನು ಬರಿಸಬೇಕಾದವನ ಮೇಜಿನ ಎದುರು ಹೋಗಿ ಕೂತುಕೊಳ್ಳಿ, ಬರುವ ತನಕ ಏಳಬೇಡಿ.